ದೇವರಿಗಿಟ್ಟ ಮೊದಲ ಪೀಸು

ಕೀಲಿಕೈಯ ಹಲ್ಲುಗಳ ಸಂದಿಯಲ್ಲಿ ಹಳದಿ ಪುಡಿ ಗಟ್ಟಿಯಾಗಿ ಕೂತಿತ್ತು. ಇನ್‌ಸ್ಪೆಕ್ಟರ್ ಶಶಿಕಲಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗುಂಡುಸೂಜಿಯಿಂದ ಒಂದಿಷ್ಟು ಕೆರೆದು ಬಿಳಿ ಕಾಗದದ ಮೇಲೆ ಉದುರಿಸಿಕೊಂಡು ಮೂಸಿದಳು.

“ಅರಿಶಿನ,” ಎಂದಳು. “ಸ್ಟೋರ್ ಕೀಗೆ ಅರಿಶಿನ ಎಲ್ಲಿಂದ ಬಂತು ಶಾಬಾಜ್?”

ಚಾಪೆಯ ಮೇಲೆ ಕೂತಿದ್ದ ಶಾಬಾಜ್ ತಲೆ ಎತ್ತಲಿಲ್ಲ. “ಗೊತ್ತಿಲ್ಲ ಮೇಡಂ. ನಮ್ಮನೇಲಿ ಸಾರಿಗೂ ಹಾಕ್ತಾರೆ ಅರಿಶಿನ.”

“ಸಾರಲ್ಲಿ ಕೀ ಅದ್ದಿ ತಿಂತೀಯೇನ್ಲಾ?” ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಅಡವಿಯಪ್ಪ ಗದರಿದ.

ಗುಬ್ಬಿಯ ಬಸ್ ನಿಲ್ದಾಣದ ಹಿಂದಿನ ಬೀದಿ ಅದು. ಹೊರಗೆ ಜೀಪಿನ ಸುತ್ತ ಆಗಲೇ ಹತ್ತು ಜನ ಸೇರಿದ್ದರು. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ‘ದುರ್ಗ ಪ್ರಿಸಿಷನ್’ ಕಾರ್ಖಾನೆಯಲ್ಲಿ, ಬೀಗ ಹಾಕಿದ ಬೀರುವಿನಿಂದ ಹನ್ನೆರಡನೇ ನಂಬರಿನ ವಾಲ್ವ್ ಕಾಣೆಯಾಗಿದೆ ಎಂದು ಗೊತ್ತಾಗಿ ಇಂದಿಗೆ ಮೂರು ದಿನ. ಬೀಗ ಒಡೆದಿರಲಿಲ್ಲ. ವಾಲ್ವ್ ಇದ್ದ ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ನೀಟಾಗಿ ಕೊಯ್ದು ಖಾಲಿ ಮಾಡಲಾಗಿತ್ತು. ಕೀಲಿ ಇದ್ದದ್ದು ಸ್ಟೋರ್ ನೋಡಿಕೊಳ್ಳುವ ಶಾಬಾಜ್ ಒಬ್ಬನ ಬಳಿ. ಮಾಲೀಕರು ದೂರು ಕೊಟ್ಟ ದಿನವೇ ಅವನನ್ನು ಕೆಲಸದಿಂದ ಮನೆಗೆ ಕಳಿಸಿದ್ದರು.

ಹೆಬ್ಬೆರಳು ಗಾತ್ರದ ಒಂದು ಲೋಹದ ತುಂಡಿಗಾಗಿ ನಾಲ್ಕು ದೇಶಗಳು ಕಾಯುತ್ತಿದ್ದವು. ಭೂಮಿಯನ್ನು ಸುತ್ತುತ್ತಿರುವ ಜಂಟಿ ಪ್ರಯೋಗಾಲಯದಲ್ಲಿ ಮೂವರು ಗಗನಯಾತ್ರಿಗಳು ಸಿಕ್ಕಿಬಿದ್ದಿದ್ದರು. ಅವರು ವಾಪಸ್ ಬರಬೇಕಾಗಿದ್ದ ನೌಕೆಗೆ ಯಾವುದೋ ಹಳೆಯ ರಾಕೆಟ್ಟಿನ ಚೂರು ಬಡಿದು ಅದರ ಶಾಖಕವಚ ಸೀಳಿತ್ತು. ಅವರನ್ನು ಕರೆತರಲು ‘ಸೇತು’ ಎಂಬ ಇನ್ನೊಂದು ನೌಕೆ ನಾಳೆ ಬೆಳಿಗ್ಗೆ ಹೊರಡಬೇಕು. ಹೋಗುವಾಗ ಒಬ್ಬ ಪೈಲಟ್, ಬರುವಾಗ ನಾಲ್ವರು.

ನೌಕೆಯ ಒಡಲು ಒಂದು ದೇಶದ್ದು, ರಾಕೆಟ್ ಇನ್ನೊಂದರದ್ದು, ಪ್ರಯೋಗಾಲಯಕ್ಕೆ ಕಚ್ಚಿಕೊಳ್ಳುವ ಬಳೆ ಮೂರನೆಯದರದ್ದು. ಪ್ರತಿ ಆಸನದ ತುರ್ತು ಆಮ್ಲಜನಕದ ಕೊಳವೆಯಲ್ಲಿ ಕೂರುವ ವಾಲ್ವ್ ತುಮಕೂರಿನದು.

ಅಂಥ ಹನ್ನೆರಡು ವಾಲ್ವ್ ತಯಾರಾಗಿದ್ದವು. ನಾಲ್ಕು ನೌಕೆಗೆ, ನಾಲ್ಕು ಬದಲಿಗೆ, ಮೂರು ಹೊರದೇಶದ ಪರೀಕ್ಷಾಲಯಕ್ಕೆ. ಹನ್ನೆರಡನೆಯದು ಮಾದರಿ. ಮುಂದೆ ಏನಾದರೂ ಅನುಮಾನ ಬಂದರೆ ನೋಡಲಿಕ್ಕೆಂದು ಅದನ್ನು ಕಾರ್ಖಾನೆಯಲ್ಲೇ ಇಟ್ಟಿರಬೇಕು.

ಅನುಮಾನ ಕಳೆದ ವಾರ ಬಂತು. ಪರೀಕ್ಷಾಲಯದಲ್ಲಿ ಒತ್ತಡದ ಆಮ್ಲಜನಕ ಹರಿಸಿದಾಗ ಒಂದು ವಾಲ್ವ್ ಹೊತ್ತಿ ಉರಿಯಿತು. ತಂತ್ರಜ್ಞನೊಬ್ಬನ ಎರಡು ಬೆರಳು ಹೋದವು. ತಪ್ಪು ಪರೀಕ್ಷಾಲಯದ ಯಂತ್ರದ್ದೋ ವಾಲ್ವಿನದ್ದೋ? ಮಾದರಿ ಶುದ್ಧವಾಗಿದ್ದರೆ ಯಂತ್ರದ್ದು, ‘ಸೇತು’ ಹೊರಡಬಹುದು. ಮಾದರಿಯಲ್ಲೇ ದೋಷವಿದ್ದರೆ ನೌಕೆಯ ವಾಲ್ವುಗಳನ್ನು ಬಿಚ್ಚಿ ಬದಲಿಸಬೇಕು, ಅದಕ್ಕೆ ಒಂಬತ್ತು ದಿನ. ಮೇಲಿನ ಮೂವರಿಗೆ ಉಸಿರಾಡುವ ಗಾಳಿ ಶುದ್ಧ ಮಾಡಿಕೊಡುವ ಯಂತ್ರ ಹನ್ನೆರಡು ದಿನಕ್ಕಿಂತ ಹೆಚ್ಚು ನಡೆಯುತ್ತದೆಂದು ಯಾರೂ ಭರವಸೆ ಕೊಡುತ್ತಿರಲಿಲ್ಲ.

ನಾಲ್ಕು ದೇಶಗಳ ಸಮಿತಿ ಇಂದು ಸಂಜೆ ಆರಕ್ಕೆ ತೀರ್ಮಾನಿಸುತ್ತದೆ. ಈಗ ಹನ್ನೊಂದು ಗಂಟೆ.

“ಕೀ ಯಾರಿಗಾದ್ರೂ ಕೊಟ್ಟಿದ್ದೀಯಾ?” ಶಶಿಕಲಾ ನಾಲ್ಕನೇ ಸಲ ಕೇಳಿದಳು.

“ಯಾರಿಗೂ ಕೊಟ್ಟಿಲ್ಲ ಮೇಡಂ. ಮೂರು ದಿನದಿಂದ ಅದನ್ನೇ ಹೇಳ್ತಿದೀನಿ. ಸ್ನಾನಕ್ಕೆ ಹೋದ್ರೂ ಗೂಟಕ್ಕೆ ಹಾಕಿ ಹೋಗ್ತೀನಿ.”

ಒಳಬಾಗಿಲ ಪರದೆ ಸರಿಯಿತು. ಶಾಬಾಜ್‌ನ ತಾಯಿ ಚಾಂದ್ ಬೀ ಟೀ ತಟ್ಟೆ ಹಿಡಿದು ನಿಂತಿದ್ದಳು. “ಪೂಜೆ ದಿನ ಕೊಡ್ತೀಯಲ್ಲೋ.”

“ಅದು ಕೊಟ್ಟಂಗಾ ಅಮ್ಮೀ? ಅದು ದೇವ್ರ ಮುಂದೆ ಇಟ್ಟಿದ್ದು.”

ಶಶಿಕಲಾ ಟೀ ಲೋಟಕ್ಕೆ ಚಾಚಿದ ಕೈ ಅಲ್ಲೇ ನಿಂತಿತು. “ಯಾವ ಪೂಜೆ?”

“ಆಯುಧಪೂಜೆ ಮೇಡಂ,” ಶಾಬಾಜ್ ಮೊದಲ ಸಲ ತಲೆ ಎತ್ತಿದ. “ಎಲ್ರೂ ಇಡ್ತಾರೆ. ಸ್ಪ್ಯಾನರು, ವರ್ನಿಯರ್ರು, ಓನರ್ ಕಾರ್ ಕೀನೂ ಇಟ್ಟಿರ್ತಾರೆ. ಬೆಳಿಗ್ಗೆ ಹತ್ತಕ್ಕೆ ತಟ್ಟೇಲಿ ಇಟ್ಟೆ. ಸಾಯಂಕಾಲ ನಾಲ್ಕಕ್ಕೆ ಕಡ್ಲೆಪುರಿ ಇಸ್ಕೊಂಡು, ಕೀ ತಗೊಂಡು ಮನೆಗೆ ಬಂದೆ.”

“ಆರು ಗಂಟೆ ಹೊತ್ತು ಕೀ ನಿನ್ ಹತ್ರ ಇರ್ಲಿಲ್ಲ. ಮೂರು ದಿನದಲ್ಲಿ ಇದನ್ನ ಹೇಳ್ಬೇಕು ಅನ್ನಿಸ್ಲಿಲ್ವೇನಪ್ಪ?”

“ದೇವ್ರ ತಟ್ಟೇಲಿ ಇಟ್ಟಿದ್ದನ್ನ ಯಾರು ಮುಟ್ತಾರೆ ಮೇಡಂ?” ಶಾಬಾಜ್‌ನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

“ತಟ್ಟೆ ಹತ್ರ ಯಾರಿದ್ರು?”

“ಯಲ್ಲಯ್ಯಣ್ಣ. ಲೇಥ್ ಮಿಷಿನ್ ಯಲ್ಲಯ್ಯ. ಮೂವತ್ತು ವರ್ಷದಿಂದ ಪೂಜೆ ಮಾಡೋದು ಅವ್ರೇ. ಈಗ ರಿಟೈರ್ ಆಗವ್ರೆ.”

ಜೀಪು ಹತ್ತುವಾಗ ಅಡವಿಯಪ್ಪ ಗಂಟಲು ಸರಿಮಾಡಿಕೊಂಡ. “ಮೇಡಂ, ಒಂದ್ ಮಾತು. ಆಯುಧಪೂಜೆ ದಿನ ನಮ್ ಲಾಕಪ್ ಕೀನೂ ತಟ್ಟೇಲೇ ಇತ್ತು.”

“ಒಳಗೆ ಯಾರಿದ್ರು ಅವತ್ತು?”

“ಒಬ್ಬ ಬೈಕ್ ಕಳ್ಳ. ಪಾಪ, ಅವನೂ ಒಳಗಿಂದ್ಲೇ ಕೈ ಮುಗಿದ.”

*

ಶಿರಾ ಗೇಟಿನ ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷ ಹೋಯಿತು. ಕಾರ್ಖಾನೆ ತಲುಪಿದಾಗ ಗಂಟೆ ಒಂದಾಗುತ್ತಿತ್ತು.

ಮಾಲೀಕ ಜಯಪ್ರಕಾಶ್ ಗೇಟಿನಲ್ಲೇ ಎದುರಾದ. ಬಿಳಿ ಅಂಗಿ, ಎರಡು ಫೋನು. “ಹುಡುಗ ಒಪ್ಕೊಂಡ್ನಾ ಮೇಡಂ?”

“ಯಾವುದನ್ನ?”

“ಕದ್ದಿದ್ದನ್ನ. ಇನ್ನೇನನ್ನ?”

“ಪೂಜೆ ಜಾಗ ತೋರ್ಸಿ,” ಎಂದಳು ಶಶಿಕಲಾ.

ಯಂತ್ರಗಳ ಸಾಲಿನ ಕೊನೆಯಲ್ಲಿ, ಗೋಡೆಯ ಗೂಡಿನಲ್ಲಿ ದೇವರಾಯನದುರ್ಗದ ನರಸಿಂಹಸ್ವಾಮಿಯ ಪಟವಿತ್ತು. ಪಟದ ಮುಂದೆ ಎರಡು ಮೆಟ್ಟಿಲಿನ ಹಲಗೆ. ಅದರ ಮೇಲೆ ಲೋಹದ ತುಂಡುಗಳು ಸಾಲಾಗಿ ಕೂತಿದ್ದವು. ಪಂಪಿನ ಬುಷ್ಷು, ಟ್ರ್ಯಾಕ್ಟರಿನ ಪಿನ್ನು, ಯಾವುದೋ ಗಿರಣಿಯ ಹಲ್ಲುಚಕ್ರ. ಒಂದೊಂದಕ್ಕೂ ಒಣಗಿದ ಅರಿಶಿನ, ಕುಂಕುಮ. ಎಣಿಸಿದರೆ ನಲವತ್ತರ ಮೇಲಿದ್ದವು.

“ಇವೆಲ್ಲ ಏನು?”

ಉತ್ತರ ಕೊಟ್ಟವಳು ಗುಣಮಟ್ಟ ವಿಭಾಗದ ಪಲ್ಲವಿ. ಇಪ್ಪತ್ತೈದರ ಆಸುಪಾಸಿನ ಎಂಜಿನಿಯರ್. ತಲೆಗೂದಲಿಗೆ ಬಿಳಿ ಬಲೆ ಹಾಕಿಕೊಂಡೇ ಓಡಿಬಂದಿದ್ದಳು. “ಮೊದಲ ಪೀಸು ಮೇಡಂ. ಹೊಸ ಆರ್ಡರ್ ಬಂದ್ರೆ ಮಿಷಿನ್‌ನಿಂದ ಇಳಿಯೋ ಮೊದಲನೇ ಪೀಸು ದೇವರಿಗೆ. ಅದು ಯಾವ ಕಾರಣಕ್ಕೂ ಗಿರಾಕಿಗೆ ಹೋಗಲ್ಲ. ಯಲ್ಲಯ್ಯನೋರ ಪದ್ಧತಿ.”

“ಈ ಆಕ್ಸಿಜನ್ ವಾಲ್ವಿಗೆ?”

“ಅದಕ್ಕೆ ಇಡ್ಲಿಲ್ಲ,” ಜಯಪ್ರಕಾಶ್ ನಡುವೆ ಬಾಯಿ ಹಾಕಿದ. “ಫಾರಿನ್ ಆರ್ಡರ್. ಲೋಹಾನೂ ಅಲ್ಲಿಂದ್ಲೇ ಬಂದಿದ್ದು, ಲೆಕ್ಕ ಹಾಕಿ ಹದಿಮೂರೇ ತುಂಡು. ಹನ್ನೆರಡು ಪಾಸಾಯ್ತು, ಒಂದು ಗೀರು ಬಿದ್ದು ರಿಜೆಕ್ಟ್ ಆಯ್ತು. ದೇವ್ರಿಗೆ ಕೊಡೋಕೆ ಎಲ್ಲಿತ್ತು ಹೇಳಿ?”

ಶಶಿಕಲಾ ಬಗ್ಗಿ ಹಲಗೆ ನೋಡಿದಳು. ಮೇಲಿನ ಮೆಟ್ಟಿಲಿನ ಬಲತುದಿಯಲ್ಲಿ, ಎಣ್ಣೆಯ ಜಿಡ್ಡಿನ ನಡುವೆ, ದುಂಡನೆಯ ಒಂದು ಕಲೆ ಉಳಿದಿತ್ತು. ಅಲ್ಲಿ ಏನೋ ಒಂದು ಕೆಲವು ದಿನ ಕೂತಿತ್ತು. ಆಮೇಲೆ ಎದ್ದುಹೋಗಿತ್ತು. ಅವಳು ಜೇಬಿನಿಂದ ಸ್ಕೇಲ್ ತೆಗೆದು ಅಳೆದಳು. ಇಪ್ಪತ್ತೆರಡು ಮಿಲಿಮೀಟರ್.

“ವಾಲ್ವಿನ ಬುಡ ಎಷ್ಟು ಅಗಲ ಪಲ್ಲವಿ?”

“ಇಪ್ಪತ್ತೆರಡು ಮೇಡಂ,” ಎಂದ ಪಲ್ಲವಿ ತಕ್ಷಣ ಮಾಲೀಕನ ಮುಖ ನೋಡಿದಳು.

ಜಯಪ್ರಕಾಶ್‌ನ ಒಂದು ಫೋನು ಬಡಿದುಕೊಂಡಿತು. ಅವನು ಅದನ್ನೆತ್ತಿಕೊಂಡು ಆಚೆ ಹೋದ.

ಶಶಿಕಲಾ ಉತ್ಪಾದನೆಯ ದಾಖಲೆ ತರಿಸಿದಳು. ಒಂದೊಂದು ವಾಲ್ವಿಗೂ ಒಂದೊಂದು ಹಾಳೆ. ಲೇಥಿನಿಂದ ಇಳಿದ ದಿನ, ತೊಳೆದ ದಿನ, ಯಾರ ಕೈ. ನಿಯಮದ ಪ್ರಕಾರ ಇಳಿದ ಮಾರನೇ ದಿನವೇ ತೊಳೆಯಬೇಕು. ಕೊರೆಯುವಾಗ ಹಾಕುವ ಎಣ್ಣೆ ಲೋಹಕ್ಕೆ ಅಂಟಿ ಉಳಿಯಬಾರದು. ಒತ್ತಡದ ಶುದ್ಧ ಆಮ್ಲಜನಕಕ್ಕೆ ಒಂದು ತೊಟ್ಟು ಎಣ್ಣೆ ಸಿಕ್ಕರೆ ಸಾಕು, ಕಿಡಿ ಬೇಕಿಲ್ಲ, ತಾನಾಗಿಯೇ ಹೊತ್ತಿಕೊಳ್ಳಬಹುದು.

ಹತ್ತು ಹಾಳೆ ಸರಿಯಾಗಿದ್ದವು. ಹನ್ನೊಂದನೆಯದರಲ್ಲಿ ಅವಳ ಬೆರಳು ನಿಂತಿತು.

“ಇದು ಲೇಥಿನಿಂದ ಇಳಿದದ್ದು ಸೆಪ್ಟೆಂಬರ್ ಮೂರು. ಎಲ್ಲಕ್ಕಿಂತ ಮೊದಲು. ನಂಬರ್ ಮಾತ್ರ ಹನ್ನೊಂದು. ತೊಳೆದದ್ದು ಹತ್ತೊಂಬತ್ತಕ್ಕೆ, ಮಧ್ಯಾಹ್ನ ಎರಡೂ ಹತ್ತಕ್ಕೆ. ಹದಿನಾರು ದಿನ ಎಲ್ಲಿತ್ತು?”

“ನಂಗೊತ್ತಿಲ್ಲ ಮೇಡಂ,” ಪಲ್ಲವಿಯ ದನಿ ತಗ್ಗಿತು. “ಹದಿನೆಂಟಕ್ಕೆ ಹನ್ನೊಂದನೇ ನಂಬರಿನ ಪೀಸಿಗೆ ಗೀರು ಬಿತ್ತು. ಹನ್ನೆರಡಕ್ಕೆ ಒಂದು ಕಡಿಮೆ ಆಯ್ತು ಅಂತ ಎಲ್ರೂ ತಲೆ ಮೇಲೆ ಕೈ ಹೊತ್ಕೊಂಡಿದ್ವಿ. ಮಾರನೇ ದಿನ ರವಿಕಿರಣ್ ಸರ್ ಇದನ್ನ ತಂದ್ಕೊಟ್ರು. ‘ಡ್ರಾಯರ್‌ನಲ್ಲಿತ್ತು, ತೊಳಿ’ ಅಂದ್ರು. ತೊಳೆದೆ. ಸಹಿ ಅವರದ್ದೇ.”

“ರವಿಕಿರಣ್ ಎಲ್ಲಿ?”

“ನಮ್ ಕ್ವಾಲಿಟಿ ಹೆಡ್ ಮೇಡಂ. ಹೋದ ತಿಂಗಳಿಂದ ಉಡಾವಣಾ ಕೇಂದ್ರದಲ್ಲೇ ಇದಾರೆ. ಕಂಪನಿ ಪರವಾಗಿ. ಇವತ್ತು ಸಮಿತಿಯಲ್ಲಿ ಕೂರೋದೂ ಅವರೇ.”

ಶಶಿಕಲಾ ಆ ಹಾಳೆಯ ಫೋಟೊ ತೆಗೆದುಕೊಂಡಳು. “ಯಲ್ಲಯ್ಯನೋರ ಮನೆ ಎಲ್ಲಿ?”

“ಕುಣಿಗಲ್. ದೊಡ್ಡಕೆರೆ ಏರಿ ಹತ್ರ.”

*

ಗೂಳೂರು ದಾಟಿ ಹೆಬ್ಬೂರಿನ ಹತ್ತಿರ ಲಾರಿಯೊಂದು ಅಡ್ಡ ನಿಂತು ಮುಕ್ಕಾಲು ಗಂಟೆ ತಿಂದಿತು. ಕುಣಿಗಲ್ ಸೇರಿದಾಗ ಐದೂ ಹತ್ತು.

ಯಲ್ಲಯ್ಯ ಜಗಲಿಯ ಮೇಲೆ ಕೂತು ಪಕ್ಕದ ಮನೆಯವರ ಮಿಕ್ಸಿ ಬಿಚ್ಚಿ ಹರಡಿಕೊಂಡಿದ್ದ. ಅರವತ್ತರ ಗಟ್ಟಿ ಆಳು. ಬೆರಳಿನ ಗೆರೆಗಳಲ್ಲಿ ಗ್ರೀಸಿನ ಕಪ್ಪು ಶಾಶ್ವತವಾಗಿ ಉಳಿದುಬಿಟ್ಟಿತ್ತು. ಪೊಲೀಸ್ ಜೀಪು ನೋಡಿ ಏಳಲಿಲ್ಲ.

“ಬನ್ನಿ ತಾಯಿ. ಚಿಕ್ಕಗಂಗೀ, ನೀರು ತಾರೇ,” ಎಂದು ಒಳಗೆ ಹೆಂಡತಿಗೆ ಕೂಗಿದ.

ಶಶಿಕಲಾ ಜಗಲಿಯ ಮೇಲೆ ಕೂತಳು. “ಯಲ್ಲಯ್ಯನೋರೆ, ಸುತ್ತಿ ಬಳಸಿ ಕೇಳೋಕೆ ಟೈಮಿಲ್ಲ. ಆಯುಧಪೂಜೆ ದಿನ ತಟ್ಟೆಯಿಂದ ಸ್ಟೋರ್ ಕೀ ತಗೊಂಡು ಬೀರು ತೆಗೆದ್ರಿ. ಹನ್ನೆರಡನೇ ವಾಲ್ವ್ ಎಲ್ಲಿ?”

ಯಲ್ಲಯ್ಯ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಬಟ್ಟೆಯಲ್ಲಿ ನಿಧಾನವಾಗಿ ಬೆರಳು ಒರೆಸಿಕೊಂಡ.

“ದೇವ್ರ ಹತ್ರ ಐತೆ.”

“ಯಾವ ದೇವ್ರು?”

“ನಮ್ಮನೆ ದೇವ್ರು. ಒಳಗೆ, ಗೂಡ್ನಲ್ಲಿ.”

ಅಡವಿಯಪ್ಪ ಒಳಗೆ ಹೆಜ್ಜೆ ಇಟ್ಟ. ಯಲ್ಲಯ್ಯ ಎದ್ದು ಬಾಗಿಲಿಗೆ ಅಡ್ಡ ನಿಂತ. “ಬೂಟು ಬುಡ್ರಿ ಮೊದ್ಲು. ಬೂಟು ಬುಟ್ರೂ ಅದನ್ನ ಕೊಡಕಾಗಲ್ಲ. ದೇವ್ರಿಗಿಟ್ಟಿದ್ದನ್ನ ವಾಪಸ್ ತೆಗಿಯೋ ರೂಢಿ ನಮ್ಮಲ್ಲಿಲ್ಲ.”

“ಏನ್ರೀ, ಕಳವು ಮಾಲು ಅದು!”

“ನಾನು ಕದ್ದಿದ್ದಲ್ಲ ಸ್ವಾಮಿ. ದೇವ್ರ ಪೀಸನ್ನ ಅವ್ರು ಕದ್ರು. ಅದ್ರ ಬದ್ಲು ನಾನು ತಂದೆ. ಈಗ ಹೇಳಿ, ಕಳ್ಳ ಯಾರು?”

ಶಶಿಕಲಾ ಅಡವಿಯಪ್ಪನಿಗೆ ಕೈಸನ್ನೆ ಮಾಡಿ ನಿಲ್ಲಿಸಿದಳು. “ಮೊದಲಿಂದ ಹೇಳಿ.”

“ಹದಿಮೂರು ತುಂಡು ಬಂತು. ಹನ್ನೆರಡು ಸಾಕು ಅಂದ್ರು. ಸರಿ, ಒಂದು ಹೆಚ್ಚೈತಲ್ಲ, ಮೊದಲ ಪೀಸು ದೇವ್ರಿಗೆ ಅಂದೆ. ಓನರ್ರೂ ಹೂಂ ಅಂದ್ರು. ಸೆಪ್ಟೆಂಬರ್ ಮೂರಕ್ಕೆ ಇಳಿಸ್ದೆ, ಪೂಜೆ ಮಾಡಿ ಗೂಡಲ್ಲಿಟ್ಟೆ. ಹಬ್ಬದ ಹಿಂದಿನ ದಿನ ಗೂಡು ಒರ್ಸಕ್ಕೆ ಹೋಗಿ ನೋಡ್ತೀನಿ, ಪೀಸಿಲ್ಲ. ಓನರ್‌ನ ಕೇಳ್ದೆ. ‘ದೇವ್ರೇ ತಗೊಂಡಿರ್ತಾನೆ ಬುಡಯ್ಯ’ ಅಂತ ನಕ್ರು.”

ಅವನು ನಗಲಿಲ್ಲ.

“ನಲವತ್ಮೂರು ಆರ್ಡ್ರಿಗೆ ಇಟ್ಟಿದೀನಿ ತಾಯಿ. ಒಂದಕ್ಕೂ ತಪ್ಸಿಲ್ಲ. ಅದೂ ಈ ಕೆಲ್ಸಕ್ಕೆ ತಪ್ಸದಾ? ಮನುಷ್ಯರು ಕೂತ್ಕೊಂಡು ಆಕಾಶಕ್ಕೆ ಹೋಗೋ ಸಾಮಾನು. ಬೀರೂಲಿ ಸ್ಯಾಂಪಲ್ ಇತ್ತು. ಸ್ಯಾಂಪಲ್ ಅಂತ ಇಡ್ತಾರೆ, ಏಳು ವರ್ಷ ಯಾರೂ ಕೇಳಲ್ಲ, ಆಮೇಲೆ ಗುಜರಿಗೆ ಹಾಕ್ತಾರೆ. ಅದನ್ನ ತಂದೆ. ಕಾರ್ಖಾನೆ ಗೂಡಲ್ಲಿಟ್ರೆ ಮತ್ತೆ ಕದೀತಾರೆ ಅಂತ ಮನೇಲಿಟ್ಟೆ.”

“ಪೂಜೆ ಅಂದ್ರೆ ಏನೇನು ಹಚ್ಚಿದ್ರಿ?”

“ಅರಿಶಿನ, ಕುಂಕುಮ. ನುಣುಪು ಲೋಹಕ್ಕೆ ಕುಂಕುಮ ನಿಲ್ಲಲ್ಲ, ಅದಕ್ಕೆ ಒಂದ್ ತೊಟ್ಟು ಹರಳೆಣ್ಣೆ.”

ಶಶಿಕಲಾಳ ಪೆನ್ನು ನಿಂತಿತು. “ಎಣ್ಣೆ.”

“ಎಣ್ಣೆ ಅಂದ ಕೂಡ್ಲೆ ಮುಖ ಹಂಗ್ಯಾಕೆ ಮಾಡ್ತೀರಾ ತಾಯಿ? ನಂಗೊತ್ತಿಲ್ವಾ? ಆಕ್ಸಿಜನ್ ಸಿಲಿಂಡರ್ ಬಾಯಿಗೆ ಎಣ್ಣೆ ಕೈ ತಾಗಿಸ್ಬಾರ್ದು ಅಂತ ಶಿರಾ ಗೇಟ್‌ನಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡೋರಿಗೂ ಗೊತ್ತು. ದೇವ್ರ ಪೀಸು ಹೊರಗೆ ಹೋಗೋದೇ ಇಲ್ವಲ್ಲ, ಹಚ್ಚಿದ್ರೆ ಏನು ಅಂತ ಹಚ್ದೆ.”

“ಹೊರಗೆ ಹೋಗಿದೆ ಯಲ್ಲಯ್ಯನೋರೆ.”

ಅವಳು ಬೆರಳು ಮಡಿಚಿ ಲೆಕ್ಕ ಹೇಳಿದಳು. ಹದಿಮೂರರಲ್ಲಿ ಒಂದು ದೇವರಿಗೆ. ಒಂದಕ್ಕೆ ಗೀರು ಬಿತ್ತು. ಉಳಿದದ್ದು ಹನ್ನೊಂದು. ಆದರೆ ಕಾರ್ಖಾನೆ ಹನ್ನೆರಡು ತೋರಿಸಿತು. ಆ ಹನ್ನೆರಡನ್ನು ತುಂಬಿಸಿದ್ದು ಗೂಡಿನಲ್ಲಿದ್ದ ಪೀಸು. ಕಾಗದದಲ್ಲಿ ದೇವರ ಪೀಸಿಗೆ ಜಾಗವೇ ಇಲ್ಲ, ಹಾಗಾಗಿ ಅದು ಕಾಣೆಯಾದದ್ದೂ ಯಾವ ಕಾಗದದಲ್ಲೂ ಇಲ್ಲ.

ಯಲ್ಲಯ್ಯ ಗೋಡೆಗೆ ಕೈ ಊರಿದ.

“ಮೇಲೆ ಮೂರು ಜನ ಕಾಯ್ತಿದಾರೆ,” ಶಶಿಕಲಾ ಹೇಳಿದಳು. “ನಾಳೆ ಬೆಳಿಗ್ಗೆ ಇನ್ನೊಬ್ರು ಹೊರಡ್ತಾರೆ. ಸ್ಯಾಂಪಲ್ ಕಳವಾಗಿದೆ ಅಂತ ಶಾಬಾಜ್‌ನ ಕೆಲಸದಿಂದ ತೆಗ್ದಿದಾರೆ. ಇವತ್ತು ರಾತ್ರಿಯೊಳಗೆ ಅರೆಸ್ಟ್ ಮಾಡಿ ಅಂತ ನಂಗೆ ಮೇಲಿಂದ ಫೋನ್ ಬರ್ತಿದೆ.”

“ಶಾಬಾಜ್‌ನಾ? ಅವ್ನ್ಯಾಕೆ? ಅವ್ನು ನನ್ ಕೈಲಿ ಕೀ ಕೊಟ್ಟೋನು... ಅಲ್ಲ, ತಟ್ಟೇಲಿ ಇಟ್ಟೋನು. ಒಂದ್ ಮಾತು ನನ್ ಕೇಳಿದ್ರೆ ಹೇಳ್ತಿದ್ನಲ್ಲ!”

“ನೀವು ರಿಟೈರ್ ಆಗಿದ್ರಿ. ನಿಮ್ಮನ್ನ ಯಾರೂ ನೆನೆಸ್ಕೊಳ್ಲಿಲ್ಲ.”

ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ ಚಿಕ್ಕಗಂಗಮ್ಮ ಮಾತಾಡಿದಳು. “ತಗೊಂಡ್ ಬನ್ನಿ ಅತ್ಲಾಗೆ. ದೇವ್ರು ನಿಮ್ ಥರ ಹಟ ಮಾಡಲ್ಲ.”

ಯಲ್ಲಯ್ಯ ಒಳಗೆ ಹೋಗಿ ಕೈಕಾಲು ತೊಳೆದುಕೊಂಡ ಸದ್ದು ಬಂತು. ಎರಡು ನಿಮಿಷದ ಮೇಲೆ ಕೆಂಪು ವಸ್ತ್ರದಲ್ಲಿ ಅದನ್ನು ತಂದ. ಶಶಿಕಲಾ ಕೈಗವಸು ಹಾಕಿಕೊಂಡು ತೆಗೆದು ನೋಡಿದಳು. ಮೈತುಂಬ ಅರಿಶಿನ. ಬುಡದಲ್ಲಿ ಕೊರೆದ ಅಂಕಿ ಹನ್ನೆರಡು. ಇದು ಸಿಕ್ಕಿತು ಎಂದು ಹಿಗ್ಗುವಂತಿರಲಿಲ್ಲ. ಶುದ್ಧವೋ ಅಲ್ಲವೋ ಎಂದು ಸಾಕ್ಷಿ ಹೇಳಬೇಕಾಗಿದ್ದ ಮಾದರಿಗೇ ಈಗ ಎಣ್ಣೆ ಹಚ್ಚಿಯಾಗಿತ್ತು.

ಆದರೂ ಒಂದು ಸಂಗತಿ ಕೈಗೆ ಬಂದಿತ್ತು. ಹನ್ನೊಂದನೇ ನಂಬರ್.

ಐದೂ ಮೂವತ್ತೆಂಟಕ್ಕೆ ಅವಳು ಮಾರ್ಟಾಗೆ ಫೋನ್ ಮಾಡಿದಳು. ಮಾರ್ಟಾ ಸಮಿತಿಯ ತನಿಖಾಧಿಕಾರಿ. ಮೂರು ದಿನದಿಂದ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಒಬ್ಬರನ್ನೊಬ್ಬರು ನೋಡಿರಲಿಲ್ಲ. ಶಶಿಕಲಾ ನಾಲ್ಕು ವಾಕ್ಯದಲ್ಲಿ ವಿಷಯ ಹೇಳಿದಳು. ಹನ್ನೊಂದನೇ ವಾಲ್ವಿಗೆ ಸಸ್ಯದ ಎಣ್ಣೆ ತಗುಲಿದೆ, ಅದು ತೊಳೆದರೂ ಒಳಗಿನ ಕೊರೆತದಲ್ಲಿ ಉಳಿದಿರಬಹುದು. ನಿಮ್ಮಲ್ಲಿ ಉರಿದದ್ದು ಹನ್ನೊಂದೇ ಅಲ್ಲವೇ?

ಯಾವುದು ಉರಿಯಿತೆಂದು ಪರೀಕ್ಷಾಲಯ ಬೇಕೆಂದೇ ಯಾರಿಗೂ ಹೇಳಿರಲಿಲ್ಲ. ಮೊದಲೇ ಹೇಳಿದರೆ ದಾಖಲೆ ತಿದ್ದುವವರಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ.

“ಅಲ್ಲ,” ಎಂದಳು ಮಾರ್ಟಾ. “ಉರಿದದ್ದು ಐದು. ಹನ್ನೊಂದನ್ನು ಯಾರೂ ಮುಟ್ಟಿಲ್ಲ. ಅದು ಬದಲಿ ವಾಲ್ವುಗಳ ಪೆಟ್ಟಿಗೆಯಲ್ಲಿ ಮೊಹರು ಹಾಕಿದಂತೆಯೇ ಇದೆ.”

ಶಶಿಕಲಾ ಫೋನನ್ನು ಹಾಗೇ ಕಿವಿಗೆ ಹಿಡಿದಿದ್ದಳು. ಎಣ್ಣೆ ಹಚ್ಚಿದ್ದು ಒಂದಕ್ಕೆ. ಉರಿದದ್ದು ಇನ್ನೊಂದು.

“ಒಂದು ನಿಮಿಷ,” ಎಂದು ಹೇಳಿ ಅಡವಿಯಪ್ಪನ ಫೋನಿನಿಂದ ಪಲ್ಲವಿಗೆ ಕರೆ ಮಾಡಿದಳು.

“ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಹನ್ನೊಂದನೇ ಪೀಸು ತೊಳೆದ ಮೇಲೆ, ಆ ತೊಟ್ಟೀಲಿ ಇನ್ನೇನು ತೊಳೆದ್ರಿ?”

“ಅದು ಪ್ಯಾಕಿಂಗ್ ದಿನ ಮೇಡಂ. ಪ್ಯಾಕ್ ಮಾಡೋಕೆ ಮುಂಚೆ ಎಲ್ಲಾನೂ ಇನ್ನೊಂದ್ಸಲ ತೊಳೀಬೇಕು. ಮೂರು ಗಂಟೆಗೆ ಹನ್ನೆರಡನ್ನೂ ಒಟ್ಟಿಗೆ ಹಾಕಿದ್ವಿ.”

“ಅದೇ ದ್ರಾವಣದಲ್ಲಿ?”

ಆ ಕಡೆ ಪಲ್ಲವಿ ದಾಖಲೆಯ ಹಾಳೆ ಮಗುಚುವ ಸದ್ದು ಕೇಳಿತು.

“ಬದಲಾಯಿಸ್ಬೇಕಿತ್ತು ಮೇಡಂ. ಹೊಸ ಡಬ್ಬಿ ಬರೋದು ತಡ ಆಗಿತ್ತು. ಒಂದೇ ಒಂದು ಪೀಸು ತಾನೇ ತೊಳೆದಿರೋದು, ಪರವಾಗಿಲ್ಲ ಅಂದ್ರು ರವಿಕಿರಣ್ ಸರ್.” ಅವಳ ಉಸಿರು ಏರಿತು. “ಅದರಲ್ಲಿ ಏನಿತ್ತು ಮೇಡಂ? ನಾನು ಏನು ತೊಳೆದೆ?”

ಶಶಿಕಲಾ ಮತ್ತೆ ಮಾರ್ಟಾಳ ಫೋನ್ ಕಿವಿಗಿಟ್ಟಳು.

“ಮಾರ್ಟಾ, ಒಂದಲ್ಲ. ಹನ್ನೆರಡೂ. ನೌಕೆಯಲ್ಲಿರುವ ನಾಲ್ಕು, ಬದಲಿ ನಾಲ್ಕು, ಎಲ್ಲವೂ. ಒಂದೇ ತೊಟ್ಟಿಯಲ್ಲಿ ತೊಳೆದಿದ್ದಾರೆ. ಸಮಿತಿಗೆ ಹೇಳಿ. ಇನ್ನೂ ಹತ್ತು ನಿಮಿಷ ಇದೆ.”

“ಇಲ್ಲ.” ಮಾರ್ಟಾಳ ದನಿ ಬಹಳ ನಿಧಾನವಾಗಿ ಬಂತು. “ಸಮಿತಿ ತೀರ್ಮಾನಿಸಿ ಕಾಲು ಗಂಟೆಯಾಯಿತು. ನಿಮ್ಮ ಮಾತು ಪೂರ್ತಿ ಕೇಳೋಣ ಎಂದು ನಾನು ಹೇಳಿರಲಿಲ್ಲ. ‘ಸೇತು’ ಹೊರಡುತ್ತದೆ. ಐದು ಗಂಟೆಗೆ ನಿಮ್ಮ ಕಾರ್ಖಾನೆಯಿಂದ ಫೋಟೊ ಬಂತು. ಮಾದರಿ ಸಿಕ್ಕಿದೆ, ಪರೀಕ್ಷಿಸಲಾಗಿದೆ, ಶುದ್ಧವಾಗಿದೆ ಎಂದು. ರವಿಕಿರಣ್ ಅದನ್ನು ಪರದೆಯ ಮೇಲೆ ತೋರಿಸಿದರು. ಬುಡದಲ್ಲಿ ಹನ್ನೆರಡು ಎಂದು ಸ್ಪಷ್ಟವಾಗಿ ಕಾಣುತ್ತಿತ್ತು.”

ಶಶಿಕಲಾ ಜಗಲಿಯ ಮೇಲಿನ ಕೆಂಪು ವಸ್ತ್ರ ನೋಡಿದಳು. ಹನ್ನೆರಡು ಅಲ್ಲಿತ್ತು, ಅವಳ ಮೊಣಕೈಯಿಂದ ಒಂದು ಅಡಿ ದೂರದಲ್ಲಿ.

“ಅದು ಸುಳ್ಳು, ಹಳೆಯ ಫೋಟೊ ಇರಬೇಕು. ಹನ್ನೆರಡು ನನ್ನ ಮುಂದಿದೆ. ಕಾರ್ಖಾನೆಯ ಮಾತನ್ನು ನೀವು ಹೇಗೆ ನಂಬಿದಿರಿ?”

“ಕಾರ್ಖಾನೆಯ ಮಾತನ್ನು ನಾವು ನಂಬಲಿಲ್ಲ. ಫೋಟೊ ಜೊತೆ ಪೊಲೀಸ್ ಮಹಜರಿನ ಪ್ರತಿ ಇತ್ತು. ಮಾದರಿಯನ್ನು ಸ್ವತಃ ಪತ್ತೆಮಾಡಿ ಪರೀಕ್ಷೆಗೆ ಒಪ್ಪಿಸಿದ್ದೇನೆ ಎಂದು. ಠಾಣೆಯ ಮೊಹರು ಇದೆ. ಕೆಳಗೆ ನಿಮ್ಮ ಸಹಿ ಇದೆ.”

ಬೆಳಗಿನಿಂದ ಶಶಿಕಲಾ ಒಂದೇ ಒಂದು ಕಾಗದಕ್ಕೂ ಸಹಿ ಹಾಕಿರಲಿಲ್ಲ. ಠಾಣೆಯ ಮೊಹರು ಅವಳ ಮೇಜಿನ ಡ್ರಾಯರಿನಲ್ಲಿರುತ್ತದೆ. ಅದು ಕಾರ್ಖಾನೆಯವರ ಕೈಗೆ ಸಿಗುವ ವಸ್ತುವಲ್ಲ.

“ಅದು ನನ್ನ ಸಹಿ ಅಲ್ಲ,” ಎಂದಳು.

“ಮೂರು ದಿನದ ಹಿಂದೆ ನೀವು ಕಳಿಸಿದ ಪತ್ರದ ಸಹಿಯ ಜೊತೆ ಹೋಲಿಸಿದೆವು. ಒಂದೇ ಆಗಿದೆ.” ಹಿಂದಿನಿಂದ ಯಾರೋ ಮಾರ್ಟಾಳನ್ನು ಕರೆಯುತ್ತಿದ್ದರು. ಅವಳು ಅವರಿಗೆ ಏನೋ ಹೇಳಿ ಮತ್ತೆ ಫೋನಿಗೆ ಬಂದಳು. “ನಾನು ನಿಮ್ಮ ಮುಖ ನೋಡಿದವಳಲ್ಲ, ಇನ್‌ಸ್ಪೆಕ್ಟರ್. ಈಗ ಒಳಗೆ ಹೋಗಿ ಉಡಾವಣೆ ನಿಲ್ಲಿಸಿ ಎನ್ನಬೇಕಾದರೆ ಅವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ನಾನು ಯಾವ ಶಶಿಕಲಾಳನ್ನು ನಂಬಲಿ? ಕಾಗದದ ಮೇಲಿರುವವಳನ್ನೋ, ಫೋನಿನಲ್ಲಿರುವವಳನ್ನೋ?”